ಪ್ಯಾರಲಲ್ ರಿಕ್ವೆಸ್ಟ್: ಬ್ಲಾಕ್ ಮುಗಿಯುವ ತನಕ ಕೈಗೆ ಏನೂ ಸಿಗದು

ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆ ಸೇರಿದರೆ 12 ತಾಲ್ಲೂಕು. ನ್ಯಾಮತಿಯಿಂದ ಮೊಳಕಾಲ್ಮೂರಿನವರೆಗೆ ಒಂದೊಂದು ತಾಲ್ಲೂಕಿನ ಹವಾಮಾನವನ್ನೂ ಯಾವುದೋ ಎಪಿಐನಿಂದ (ಪ್ರೋಗ್ರಾಂಗಳು ಮಾಹಿತಿ ಕೇಳಿ ಪಡೆಯುವ ದಾರಿ) ತರಬೇಕು ಅಂದುಕೊಳ್ಳಿ. ಒಂದಕ್ಕೆ 0.8 ಸೆಕೆಂಡ್ ಹಿಡಿದರೆ, ಒಂದಾದ ಮೇಲೆ ಒಂದು ಕೇಳುವಾಗ 9.6 ಸೆಕೆಂಡ್. ಅದರಲ್ಲಿ ಬಹುಪಾಲು ಪ್ರೋಗ್ರಾಂ ಸುಮ್ಮನೆ ಕಾದು ಕೂತ ಹೊತ್ತು. ಒಟ್ಟಿಗೆ ಕೇಳಿದರೆ, ಎಲ್ಲಕ್ಕಿಂತ ತಡವಾಗಿ ಬರುವ ಉತ್ತರಕ್ಕೆ ಎಷ್ಟು ಹೊತ್ತೋ ಹೆಚ್ಚುಕಡಿಮೆ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ.

ರೂಬಿ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದಕ್ಕೆ, ವೆಬ್ ರಿಕ್ವೆಸ್ಟ್ ಕಳಿಸುವ ಫ್ಯಾರಡೇ ಲೈಬ್ರರಿ ಜೊತೆ ಟೈಫಿಯಸ್ ಅಡಾಪ್ಟರ್ (ರಿಕ್ವೆಸ್ಟನ್ನು ನಿಜಕ್ಕೂ ಸಾಗಿಸುವ ಭಾಗ) ಒಳ್ಳೆಯ ಜೋಡಿ. ಎರಡೂ ಓಪನ್ ಸೋರ್ಸ್. ಫ್ಯಾರಡೇ 2 ಬಳಸುವವರು ಅಡಾಪ್ಟರ್ ಜೆಮ್ಮನ್ನು (ರೂಬಿ ಪ್ಯಾಕೇಜ್) ಜೆಮ್‌ಫೈಲ್‌ಗೆ ಬೇರೆಯಾಗಿಯೇ ಸೇರಿಸಬೇಕು. ಟೈಫಿಯಸ್ಸಿನ ಕೆಳಗೆ ದುಡಿಯುವ ಲೈಬ್ರರಿ ಲಿಬ್‌ಕರ್ಲ್. ಸಣ್ಣ ಡಾಕರ್ ಇಮೇಜಿನಲ್ಲಿ (ಪ್ರೋಗ್ರಾಂ ಓಡಿಸುವ ಪೊಟ್ಟಣ) ಆ ಲೈಬ್ರರಿ ಇಲ್ಲದೆ ಲೋಡ್ ಆಗುವಾಗಲೇ ಎರರ್ ಬರುವುದುಂಟು.

ಕನೆಕ್ಷನ್ ಕಟ್ಟಿ, ಇನ್_ಪ್ಯಾರಲಲ್ ಬ್ಲಾಕಿನೊಳಗೆ (ಒಟ್ಟಿಗೆ ಕಳಿಸಬೇಕಾದ ಕರೆಗಳನ್ನು ಸುತ್ತುವರಿದ ಕೋಡ್ ತುಂಡು) 12 ಗೆಟ್ ಕರೆಗಳನ್ನು ಹಾಕಿ, ರೆಸ್ಪಾನ್ಸ್‌ಗಳನ್ನು ತಾಲ್ಲೂಕಿನ ಹೆಸರಿಗೆ ಜೋಡಿಸಿ ಒಂದು ಹ್ಯಾಶ್‌ನಲ್ಲಿ ಇಡಿ. ಹೆಚ್ಚಿನವರು ಎಡವುವುದು ಇಲ್ಲೇ. ಬ್ಲಾಕಿನೊಳಗೆ ರಿಕ್ವೆಸ್ಟ್ ಹೊರಡುವುದೇ ಇಲ್ಲ, ಸಾಲಿಗೆ ಸೇರುತ್ತದೆ ಅಷ್ಟೇ. ಬ್ಲಾಕ್ ಮುಗಿದ ಮೇಲೆ ಎಲ್ಲವೂ ಓಡುತ್ತವೆ. ಹಾಗಾಗಿ ಒಳಗೆ ಬಾಡಿ (ಉತ್ತರದ ಒಡಲು) ನೋಡಿದರೆ ನಿಲ್, ಅಂದರೆ ಖಾಲಿ, ಸಿಗುತ್ತದೆ. ಜೇಸನ್ ಪಾರ್ಸ್ ಮಾಡುವುದೇನಿದ್ದರೂ (ಉತ್ತರದ ಡೇಟಾ ಬಿಡಿಸಿ ಓದುವುದು) ಬ್ಲಾಕಿನ ಎಂಡ್ ಆದಮೇಲೆ. ಸ್ವಂತ ಮಿಡಲ್‌ವೇರ್ (ರಿಕ್ವೆಸ್ಟ್, ಉತ್ತರಗಳ ನಡುದಾರಿಯಲ್ಲಿ ಕೆಲಸ ಮಾಡುವ ಕೋಡ್) ಬರೆಯುವವರಿಗೂ ಇದೇ ಮಾತು: ಉತ್ತರವನ್ನು ಮುಟ್ಟುವ ಸಾಲುಗಳು, ಉತ್ತರ ಬಂದಮೇಲೆ ಓಡುವ ಆನ್_ಕಂಪ್ಲೀಟ್ ಒಳಗೇ ಇರಬೇಕು.

ಅಡಾಪ್ಟರ್ ಹೇಳುವುದನ್ನು ಮರೆತು, ಫ್ಯಾರಡೇಯ ಡೀಫಾಲ್ಟ್ ಆದ ನೆಟ್ ಎಚ್‌ಟಿಟಿಪಿಯಲ್ಲೇ ಉಳಿದರೆ ಪ್ಯಾರಲಲ್ ಆಗುವುದಿಲ್ಲ. ಒಂದು ಎಚ್ಚರಿಕೆ ಸಾಲು ಬರುತ್ತದೆ, ಕೋಡ್ ಮಾತ್ರ ಸರಿಯಾಗಿಯೇ ನಡೆಯುತ್ತದೆ, ನಿಧಾನವಾಗಿ. ಲಾಗ್ ಓದದವರಿಗೆ ಗೊತ್ತೇ ಆಗದು.

ಇದಕ್ಕಿಂತ ಕೆಟ್ಟದ್ದು ಟೈಮ್‌ಔಟ್. ಕೊಟ್ಟ ಅವಧಿಯಲ್ಲಿ ಉತ್ತರ ಬಾರದಿದ್ದರೆ, ಮಾಮೂಲಿ ಕರೆಯಲ್ಲಿ ಎಕ್ಸೆಪ್ಷನ್ (ಓಟ ನಿಲ್ಲಿಸುವ ದೋಷ ಸೂಚನೆ) ಬರುತ್ತದೆ. ಪ್ಯಾರಲಲ್‌ನಲ್ಲಿ ಬರುವುದಿಲ್ಲ, ಸ್ಟೇಟಸ್ (ಉತ್ತರದ ಫಲ ಹೇಳುವ ಸಂಖ್ಯೆ) 0 ಆಗಿ ಕೂತಿರುತ್ತದೆ. ರೇಸ್_ಎರರ್ ಮಿಡಲ್‌ವೇರ್ ಹುಡುಕುವುದು 400, 500ರ ಸಾಲಿನ ದೋಷ ಸಂಖ್ಯೆಗಳನ್ನು, ಹಾಗಾಗಿ ಸೊನ್ನೆ ಅದರ ಕಣ್ಣು ತಪ್ಪಿಸಿ ನುಸುಳುತ್ತದೆ. ಅತ್ತ ಒಂದೇ ಒಂದು 404 (ಕೇಳಿದ್ದು ಸಿಗಲಿಲ್ಲ) ಬಂದರೆ ಅದೇ ಮಿಡಲ್‌ವೇರ್ ಓಟದ ನಡುವೆ ಎಕ್ಸೆಪ್ಷನ್ ಎಸೆದು ಉಳಿದ ಹನ್ನೊಂದನ್ನೂ ಕೆಡಿಸಬಲ್ಲದು. ಈ ಕನೆಕ್ಷನ್‌ಗೆ ಅದನ್ನು ಹಾಕದಿರುವುದೇ ಲೇಸು. ಬ್ಲಾಕ್ ಮುಗಿದ ಮೇಲೆ ಒಂದೊಂದರ ಸ್ಟೇಟಸ್ಸನ್ನೂ ನೀವೇ ನೋಡಿ.

ರಿಟ್ರೈ ಮಿಡಲ್‌ವೇರ್ (ಸೋತ ಕರೆಯನ್ನು ಮತ್ತೆ ಮಾಡುವುದು) ನಂಬಿಕೊಂಡವರಿಗೂ ನಿರಾಸೆ: ಎಕ್ಸೆಪ್ಷನ್ ಇಲ್ಲದೆ ಅದಕ್ಕೆ ಹಿಡಿಯಲು ಏನೂ ಇಲ್ಲ. 0, 429 (ಅತಿಯಾಗಿ ಕೇಳಿದಿರಿ), 503 (ಸರ್ವರ್ ಸದ್ಯ ಸಿಗದು) ಬಂದ ತಾಲ್ಲೂಕುಗಳನ್ನಷ್ಟೇ ಆರಿಸಿ, ಸ್ವಲ್ಪ ಬಿಟ್ಟು ಎರಡನೇ ಸುತ್ತು ಓಡಿಸಿ. 429ರ ಜೊತೆ ರಿಟ್ರೈ-ಆಫ್ಟರ್ ಹೆಡರ್ ಇದ್ದರೆ ಅದು ಹೇಳಿದಷ್ಟು ಹೊತ್ತು ಕಾಯಬೇಕು.

ಇನ್ನು ಹೈಡ್ರಾ, ಟೈಫಿಯಸ್ಸಿನಲ್ಲಿ ರಿಕ್ವೆಸ್ಟ್ ಸಾಲನ್ನು ಒಟ್ಟಿಗೆ ಓಡಿಸುವ ಭಾಗ. ಡೀಫಾಲ್ಟ್ ಆಗಿ ಏಕಕಾಲಕ್ಕೆ 200 ರಿಕ್ವೆಸ್ಟ್ ಬಿಡುತ್ತದೆ. ಬೇರೆಯವರ ಸರ್ವರ್ ಮೇಲೆ ಇಷ್ಟು ಮುಗಿಬೀಳುವುದು ಸಭ್ಯತೆಯಲ್ಲ, ನಿಮ್ಮ ಐಪಿ ವಿಳಾಸವನ್ನು ಅವರು ತಡೆದರೆ ದೂರುವಂತೆಯೂ ಇಲ್ಲ. ಮ್ಯಾಕ್ಸ್_ಕನ್‌ಕರೆನ್ಸಿ (ಏಕಕಾಲದ ಮಿತಿ) 4 ಎಂದು ಹೈಡ್ರಾ ಕಟ್ಟಿ ಇನ್_ಪ್ಯಾರಲಲ್‌ಗೆ ಕೊಡಿ. ನಾಲ್ಕರಂತೆ ಮೂರು ಸುತ್ತು, ಸುಮಾರು 2.4 ಸೆಕೆಂಡ್, ಹವಾಮಾನಕ್ಕೆ ಧಾರಾಳ ಸಾಕು. ಟೈಮ್‌ಔಟ್ 5, ಓಪನ್_ಟೈಮ್‌ಔಟ್ (ಸಂಪರ್ಕ ಕಟ್ಟುವ ಮಿತಿ) 2 ಸೆಕೆಂಡ್ ಇಡಿ. ಸಾಲಿನಲ್ಲಿ ಸರದಿ ಕಾಯುವ ಹೊತ್ತು ಈ 5ರ ಲೆಕ್ಕಕ್ಕೆ ಬರುವುದಿಲ್ಲ, ಆದ್ದರಿಂದ ಮಿತಿ ಇಳಿಸಿದ್ದಕ್ಕೆ ಟೈಮ್‌ಔಟ್ ಏರಿಸಬೇಕಾಗಿಲ್ಲ.