ಕಣಿವೆ ಮಾರಮ್ಮನ ದಡದಲ್ಲಿ ಧನುರ್ಮಾಸ

ಹಿರಿಯೂರು, ಚಳ್ಳಕೆರೆ ಸೀಮೆಯಲ್ಲಿ ಹುಟ್ಟಿ ಬೆಳೆದ ಹಿರಿಯರಲ್ಲಿ ಅನೇಕರು ಸಮುದ್ರವನ್ನು ಕಂಡವರಲ್ಲ. ಅವರು ಕಣ್ತುಂಬ ನೋಡಿದ ಸಾಗರ ವಾಣಿವಿಲಾಸ ಸಾಗರವೊಂದೇ. ಎರಡು ಗುಡ್ಡಗಳ ಇಕ್ಕಟ್ಟಿನಲ್ಲಿ ನುಸುಳಿ ಹೋಗುತ್ತಿದ್ದ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾದ ಕಟ್ಟೆಯ ಕೆಲಸ 1907ರಲ್ಲಿ ಮುಗಿಯಿತು. ಕೆಲಸ ಆರಂಭವಾದಾಗ ಮೈಸೂರನ್ನು ರಾಜಪ್ರತಿನಿಧಿಯಾಗಿ ಆಳುತ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಜಲಾಶಯಕ್ಕೆ ಇಟ್ಟರು. ಜನರ ಬಾಯಲ್ಲಿ ಅದು ಇಂದಿಗೂ ಮಾರಿಕಣಿವೆ, ಮತ್ತು ಅಲ್ಲಿಗೆ ಹೋದವರು ಕಣಿವೆ ಮಾರಮ್ಮನಿಗೆ ಕೈಮುಗಿಯದೆ ಹಿಂದಿರುಗುವುದಿಲ್ಲ.

ಧನುರ್ಮಾಸದಲ್ಲಿ ಈ ದಡದ ಮೇಲೆ ನಸುಕಿನಲ್ಲಿ ನಡೆಯುವುದು ನನ್ನ ಪಾಲಿಗೆ ಅಮ್ಮನ ದರ್ಶನದ ಮೊದಲ ಭಾಗವೇ ಆಗಿದೆ. ಮಂಜು ನೀರಿನ ಮೇಲೆ ದಟ್ಟವಾಗಿ ಕವಿದು ಆಚೆಯ ಗುಡ್ಡಗಳನ್ನು ಮರೆಮಾಡಿರುವಾಗ, ಎಲ್ಲಿಗೆ ಮುಗಿಯುತ್ತದೆಂದು ತಿಳಿಯದ ಆ ನೀರು ನಿಜವಾಗಿಯೂ ಕಡಲೇ ಆಗಿ ಕಾಣುತ್ತದೆ. ಅಷ್ಟು ಹೊತ್ತಿಗಾಗಲೇ ಮೀನುಗಾರರು ರಾತ್ರಿ ಬಿಟ್ಟ ಬಲೆಗಳನ್ನು ಎತ್ತಿಕೊಂಡು ತೆಪ್ಪದಲ್ಲಿ ದಡಕ್ಕೆ ಬರುತ್ತಿರುತ್ತಾರೆ. ಅವರ ಮನೆಯ ಹೆಂಗಸರು ತಲೆಗೆ ಸೆರಗು ಬಿಗಿದುಕೊಂಡು, ಚಳಿಗೆ ಮರಗಟ್ಟಿದ ಬೆರಳುಗಳಿಂದಲೇ ಕಾಟ್ಲಾ, ರೋಹು ಮೀನುಗಳನ್ನು ಬಲೆಯಿಂದ ಬಿಡಿಸಿ ಬುಟ್ಟಿಗೆ ಹಾಕುತ್ತಾರೆ. ತೆಪ್ಪ ಹತ್ತುವ ಮೊದಲು ನೀರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಅವರ ಕೈಯಲ್ಲಿ ಹೂವಿಲ್ಲ, ಕಾಯಿಯಿಲ್ಲ. ಆದರೂ ಅದಕ್ಕಿಂತ ಶುದ್ಧವಾದ ಪೂಜೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೆಲವು ದಿನ ಬಯಲುಸೀಮೆಯ ಊರುಗಳವರು ತಮ್ಮ ದೇವರನ್ನು ಉರುಮೆ, ತಮಟೆಗಳೊಡನೆ ಗಂಗಾಪೂಜೆಗೆ ಕರೆತಂದಿರುತ್ತಾರೆ. ತಮ್ಮೂರ ಕೆರೆ ಒಣಗಿದ್ದರೂ ದೇವರಿಗೆ ಮೀಯಲು ಇಲ್ಲಿ ನೀರುಂಟು ಎಂಬ ನೆಮ್ಮದಿಯನ್ನು ಅವರ ಮುಖದಲ್ಲಿ ನೋಡಬೇಕು.

ನಮ್ಮ ಮನೆಯಲ್ಲಿ ಈ ಅಮ್ಮನಿಗೆ ಒಂದು ಹರಕೆಯಿತ್ತು. ಕಟ್ಟೆ ತುಂಬಿ ಕೋಡಿ ಬಿದ್ದರೆ ತಂಬಿಟ್ಟಿನ ಆರತಿ ಬೆಳಗಿ, ಮಡಿಲಕ್ಕಿ ಕಟ್ಟಿ, ಗಂಗೆಗೆ ಮೊರದ ಬಾಗಿನ ಅರ್ಪಿಸುತ್ತೇವೆಂದು ನಮ್ಮ ಅಜ್ಜಿ ಹೊತ್ತ ಹರಕೆ ಅದು. ಜಲಾಶಯ ಮೊದಲ ಬಾರಿಗೆ ಕೋಡಿ ಬಿದ್ದದ್ದು 1933ರಲ್ಲಿ; ಆ ಮೇಲೆ 130 ಅಡಿಯ ಗುರುತನ್ನು ದಾಟಿ ನೀರು ಹೊರಗೆ ಹರಿದದ್ದು 2022ರಲ್ಲಿ, 89 ವರ್ಷಗಳ ನಂತರ. ಅಷ್ಟರಲ್ಲಿ ಅಜ್ಜಿ ಇರಲಿಲ್ಲ. ಬರಗಾಲದಲ್ಲಿ ನೀರು ತಳ ಕಂಡಾಗಲೂ, ಬಿರುಕು ಬಿಟ್ಟ ಹೂಳಿನ ಮೇಲೆ ದನಗಳು ಮೇಯುತ್ತಿದ್ದಾಗಲೂ, ಅವರು ಆ ಹರಕೆಯನ್ನು ಹಿಂದಕ್ಕೆ ಪಡೆಯಲಿಲ್ಲ. ತನ್ನ ಕಾಲಕ್ಕೆ ಈಡೇರದಿದ್ದರೂ ಸೊಸೆಯ ಕಾಲಕ್ಕಾದರೂ ಈಡೇರಲೆಂದು ಬೇಡಿಕೊಳ್ಳುವ ಭಕ್ತಿ ಎಷ್ಟು ದೊಡ್ಡದೆಂಬುದು, ನಮ್ಮ ತಾಯಿಯ ಕೈಯಲ್ಲಿ ಆರತಿಯ ತಟ್ಟೆಯನ್ನು ನೋಡಿದ ದಿನ ನನಗೆ ಅರ್ಥವಾಯಿತು. 2025ರ ಜನವರಿಯಲ್ಲಿ, ಸಂಕ್ರಾಂತಿಗೆ ಇನ್ನೇನು ಎರಡು ದಿನ ಇರುವಾಗ, ಭದ್ರೆಯಿಂದ ಎತ್ತಿ ಹರಿಸಿದ ನೀರೂ ಕೂಡಿ ಕಟ್ಟೆ ಮೂರನೆಯ ಸಲ ಕೋಡಿ ಬಿದ್ದಿತು.

ಆದರೆ ತುಂಬಿದ ನೀರಿಗೆ ಕೈಮುಗಿಯುವಾಗ ಹಿನ್ನೀರಿನ ಕಡೆಗೂ ತಿರುಗಿ ಕೈಮುಗಿಯಬೇಕೆಂದು ನನ್ನ ಮನಸ್ಸು ಹೇಳುತ್ತದೆ. ಇತ್ತ ಹಿರಿಯೂರಿನ ತೋಟಗಳು ನಳನಳಿಸುವಾಗ, ಅತ್ತ ಹೊಸದುರ್ಗ ತಾಲ್ಲೂಕಿನಲ್ಲಿ ಹಿನ್ನೀರು ಹೊಲಕ್ಕೆ, ತೋಟಕ್ಕೆ, ಕೆಲವೆಡೆ ಮನೆಯ ಹೊಸ್ತಿಲಿಗೂ ಬಂದಿತ್ತು. ನಾವು ಬೇಡಿ ಪಡೆದದ್ದು ಅವರ ನೆಲದ ಮೇಲೆ ನಿಂತಿದೆ. ಆದ್ದರಿಂದಲೇ ಕೋಡಿಯ ಸಂಭ್ರಮದಲ್ಲಿ ಪ್ಲಾಸ್ಟಿಕ್ ಚೀಲದ ಸಮೇತ ಹೂವು, ಕುಪ್ಪಸದ ಕಣ, ಬಳೆಗಳನ್ನು ನೀರಿಗೆ ಎಸೆಯುವುದನ್ನು ಕಂಡರೆ ಮನಸ್ಸಿಗೆ ಬಹಳ ನೋವಾಗುತ್ತದೆ. ಚಿತ್ರದುರ್ಗದ ನಲ್ಲಿಗಳಿಗೂ ಹರಿದು ಬರುವ ನೀರದು. ಆ ಚೂರುಪಾರು ಬಲೆಗೆ ಸಿಕ್ಕಿದಾಗ ಬಿಡಿಸಬೇಕಾದವರೂ ಅದೇ ಮೀನುಗಾರ ಹೆಂಗಸರು.

ಹರಕೆ ತೀರಿಸಿದ ದಿನ ನಮ್ಮ ತಾಯಿ ಒಂದು ಚಿಟಿಕೆ ಅರಿಶಿನ, ಕುಂಕುಮವನ್ನಷ್ಟೇ ನೀರಿಗೆ ಬಿಟ್ಟು, ಅಕ್ಕಿ, ಬೇಳೆ, ಬೆಲ್ಲ, ಬಳೆ, ಕುಪ್ಪಸವಿದ್ದ ಜೋಡಿ ಮೊರವನ್ನು ದಡದಲ್ಲಿ ಬಲೆ ಕೊಡವುತ್ತಿದ್ದ ಹೆಣ್ಣುಮಗಳಿಗೆ ಕೊಟ್ಟರು. ಆಕೆ ಕೈ ತೊಳೆದುಕೊಂಡು ಬಂದು, ಸೆರಗೊಡ್ಡಿ ಬಾಗಿನ ಪಡೆದು, ನಮ್ಮ ತಾಯಿಯ ಕಾಲಿಗೆ ನಮಸ್ಕರಿಸಿದಳು. ತಾಯಿಯೂ ಆಕೆಗೆ ಕೈಮುಗಿದರು. ಮಾಘದಲ್ಲಿ ಹಿರಿಯೂರಿನ ತೇರುಮಲ್ಲೇಶ್ವರನ ರಥ ಎಳೆಯಲು ಬರುವವರಲ್ಲಿ ಅನೇಕರು ಮಾರಿಕಣಿವೆಗೂ ಬಂದು ಹೋಗುತ್ತಾರೆ. ಗಂಗೆಗೆಂದು ತಂದ ಬಾಗಿನವನ್ನು ಅವರೂ ಹೀಗೆಯೇ ದಡದ ಹೆಣ್ಣುಮಕ್ಕಳ ಮಡಿಲಿಗೆ ಹಾಕಲಿ ಎಂದು ಕೇಳಿಕೊಳ್ಳುತ್ತೇನೆ.