ಕೂನೂರು, ಕೋಟಗಿರಿಗೆ ಬಸ್ಸಿನಲ್ಲಿ ಒಂದು ದಿನ: ಹೊರಡುವವರಿಗೆ ಕೆಲವು ಮಾತು

ನಮ್ಮ ಕೈಯಲ್ಲಿದ್ದ ರೈಲು ಟಿಕೆಟ್ ಕೂನೂರಿನಿಂದ ಊಟಿಗೆ, ಮೇಟುಪಾಳ್ಯದಿಂದಲ್ಲ ಎಂಬುದು ಗೊತ್ತಾದಾಗ ನಾನೂ ನನ್ನ ಹೆಂಡತಿಯೂ ನೀಲಗಿರಿಯ ಬುಡದಲ್ಲಿರುವ ಮೇಟುಪಾಳ್ಯದ ಪ್ಲಾಟ್‌ಫಾರಂ ಮೇಲೆ ನಿಂತಿದ್ದೆವು. ಬೆಳಿಗ್ಗೆ 6.40 ಆಗಿತ್ತು. ಕೊಯಮತ್ತೂರಿನಲ್ಲಿ ಮಗಳ ಮನೆಗೆ ಬಂದಿದ್ದ ನಾವು, ಈ ರೈಲನ್ನು ಹಿಡಿಯಲೆಂದೇ ನಸುಕಿನಲ್ಲಿ ಎದ್ದು, 5.15ರ ಬಸ್ಸು ಹತ್ತಿ ಬಂದಿದ್ದೆವು. ಟಿಕೆಟ್ ಮಾಡಿಸಿಕೊಟ್ಟ ಏಜೆಂಟ್ ತಲಾ 900 ರೂಪಾಯಿ ತೆಗೆದುಕೊಂಡಿದ್ದ. ಟಿಕೆಟ್ಟಿನ ಮೇಲೆ ಮುದ್ರಿತವಾಗಿದ್ದ ದರ ಅದರ ಕಾಲು ಭಾಗವೂ ಇರಲಿಲ್ಲ. ಫೋನ್ ಮಾಡಿದರೆ, 'ಟಾಯ್ ಟ್ರೈನ್ ಎಂದು ಹೇಳಿದ್ದೆ, ಟಾಯ್ ಟ್ರೈನೇ ಕೊಟ್ಟಿದ್ದೇನಲ್ಲ' ಎಂದ. ನಮ್ಮ ಕಣ್ಣೆದುರೇ 7.10ಕ್ಕೆ ರೈಲು ಹೊರಟು ಹೋಯಿತು.

ಇದನ್ನು ಮೊದಲೇ ಹೇಳಲು ಕಾರಣವಿದೆ. ನೀಲಗಿರಿಯ ಈ ರೈಲುದಾರಿಯಲ್ಲಿ ಎರಡು ಭಾಗಗಳಿದ್ದು, ಅವೆರಡೂ ಒಂದೇ ಅನುಭವವಲ್ಲ. ಮೇಟುಪಾಳ್ಯದಿಂದ ಕೂನೂರಿನವರೆಗಿನ ದಾರಿ 1899ರಲ್ಲಿ ಆರಂಭವಾಯಿತು. ಊಟಿಯವರೆಗೆ ಅದನ್ನು ಮುಂದುವರಿಸಿದ್ದು 1908ರಲ್ಲಿ. ಕಲ್ಲಾರಿನಿಂದ ಕೂನೂರಿನವರೆಗೆ ಎರಡು ಹಳಿಗಳ ನಡುವೆ ಹಲ್ಲುಗಳಿರುವ ಕಬ್ಬಿಣದ ಪಟ್ಟಿಯಿದ್ದು, ಎಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿಕೊಂಡೇ ಹನ್ನೆರಡು ಅಡಿಗೆ ಒಂದು ಅಡಿ ಏರುವ ಕಡಿದಾದ ದಾರಿಯನ್ನು ಹತ್ತುತ್ತದೆ. ಇಲ್ಲಿ ಉಗಿ ಎಂಜಿನ್ ಮುಂದೆ ನಿಂತು ಎಳೆಯುವುದಿಲ್ಲ, ಹಿಂದಿನಿಂದ ದೂಡುತ್ತದೆ. ಕೂನೂರಿನಿಂದ ಮುಂದೆ ಹಲ್ಲಿನ ಪಟ್ಟಿಯೂ ಇಲ್ಲ, ಉಗಿಯೂ ಇಲ್ಲ, ಡೀಸೆಲ್ ಎಂಜಿನ್ ಇರುತ್ತದೆ. ವೆಲ್ಲಿಂಗ್ಟನ್, ಅರವಂಗಾಡು, ಕೇತಿ, ಲವ್‌ಡೇಲ್ ನಿಲ್ದಾಣಗಳನ್ನು ದಾಟುತ್ತ ಸಾಗುವ ಆ ದಾರಿಯೂ ಚೆಂದವೇ. ಆದರೆ ನೀವು ಚಿತ್ರಗಳಲ್ಲಿ ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡಿರುವ ಏರುದಾರಿ ಅದಲ್ಲ. ಟಿಕೆಟ್ ಯಾರೇ ಮಾಡಿಸಿಕೊಡಲಿ, ಹತ್ತುವ ನಿಲ್ದಾಣದ ಹೆಸರನ್ನು ಓದಿದ ಮೇಲೆಯೇ ಹಣ ಕೊಡಿ. ರೈಲ್ವೆಯ ಜಾಲತಾಣದಲ್ಲಿ ನೀವೇ ಕಾದಿರಿಸುವುದು ಅದಕ್ಕಿಂತ ಒಳ್ಳೆಯದು, ಅದೂ ವಾರಗಟ್ಟಲೆ ಮುಂಚೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆ ಜೋರಾದಾಗ ಈ ಘಟ್ಟದ ಭಾಗದಲ್ಲಿ ಮಣ್ಣು ಕುಸಿದು ರೈಲು ದಿನಗಟ್ಟಲೆ ನಿಲ್ಲುವುದುಂಟು. ಆ ತಿಂಗಳುಗಳಲ್ಲಿ ಇಡೀ ದಿನದ ಯೋಜನೆಯನ್ನು ರೈಲಿನ ಮೇಲೆ ಕಟ್ಟಬೇಡಿ.

ರೈಲು ಹೋದ ಮೇಲೆ ಬಸ್ಸೇ ಗತಿಯಾಯಿತು. ಮೇಟುಪಾಳ್ಯದ ಬಸ್ ನಿಲ್ದಾಣ ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಅಲ್ಲಿ 'ಊಟಿ' ಎಂಬ ಫಲಕವನ್ನು ಹುಡುಕುತ್ತ ಹದಿನೈದು ನಿಮಿಷ ಕಳೆದೆವು. ಫಲಕಗಳು ತಮಿಳಿನಲ್ಲಿರುತ್ತವೆ, ಮತ್ತು ಅವುಗಳ ಮೇಲೆ ಊಟಿ ಎಂದು ಬರೆದಿರುವುದಿಲ್ಲ, 'ಉದಗೈ' ಎಂದು ಬರೆದಿರುತ್ತದೆ. ಕೂನೂರು ಅವರ ಬಾಯಲ್ಲಿ 'ಕುನ್ನೂರ್'; ಮೇಟುಪಾಳ್ಯವನ್ನು ಮೊದಲ ಅಕ್ಷರಕ್ಕೆ ಮೊಟಕುಗೊಳಿಸಿ 'ಮೇ. ಪಾಳೈಯಂ' ಎಂದು ಬರೆಯುತ್ತಾರೆ. ಕೋಟಗಿರಿಯೂ ಸೇರಿ ಈ ನಾಲ್ಕು ಊರುಗಳ ಹೆಸರನ್ನು ತಮಿಳು ಲಿಪಿಯಲ್ಲಿ ಒಂದು ಚೀಟಿಯ ಮೇಲೆ ಬರೆಸಿಕೊಂಡು ಜೇಬಿನಲ್ಲಿ ಇಟ್ಟುಕೊಂಡರೆ ಯಾರನ್ನೂ ಕೇಳಬೇಕಾಗಿಲ್ಲ. ಎರಡನೆಯ ಸಲ ಹೋದಾಗ ನಾವು ಹಾಗೆಯೇ ಮಾಡಿದೆವು.

ಅಂದು ನಮಗೆ ಸಿಕ್ಕ ಬಸ್ಸಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮುಂದೆ ಜಾಗವಿಲ್ಲದೆ ಕೊನೆಯ ಉದ್ದನೆಯ ಸೀಟಿನಲ್ಲಿ ಕುಳಿತೆವು. ಕಲ್ಲಾರು ದಾಟಿ ಘಟ್ಟ ಶುರುವಾದ ಮೇಲೆ ಹದಿನಾಲ್ಕು ಹೇರ್‌ಪಿನ್ ತಿರುವುಗಳಿವೆ. ಪ್ರತಿ ತಿರುವಿನಲ್ಲೂ ಬಸ್ಸಿನ ಹಿಂಭಾಗ ರಸ್ತೆಯಿಂದಾಚೆ ತೂಗಿದಂತಾಗಿ, ಕೊನೆಯ ಸೀಟಿನವರು ಒಬ್ಬರ ಮೇಲೊಬ್ಬರು ವಾಲುತ್ತಾರೆ. ನನ್ನ ಪಕ್ಕದ ಕಿಟಕಿಯ ಗಾಜು ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತ್ತು. ಕೆಳಗೆ ಸೆಖೆಯಿದ್ದಾಗ ಅದು ಅನುಕೂಲವೇ ಆಗಿದ್ದರೂ, ಮೇಲೆ ಹೋದಂತೆ ಮಂಜಿನ ಗಾಳಿ ನೇರವಾಗಿ ಮುಖಕ್ಕೆ ಹೊಡೆಯತೊಡಗಿತು. ಎದುರು ಸೀಟಿನ ಮಗುವೊಂದು ಎರಡು ಸಲ ವಾಂತಿ ಮಾಡಿತು. ಅದರ ತಾಯಿಗೆ ನನ್ನ ಹೆಂಡತಿ ತನ್ನ ಶಾಲು ಕೊಟ್ಟಳು. ಬರ್ಲಿಯಾರಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಾಗ ಇಳಿದು, ನಿಂಬೆಹಣ್ಣೊಂದನ್ನು ಕೊಂಡು ಮೂಸುತ್ತ ಕುಳಿತ ಮೇಲೆಯೇ ನನ್ನ ಹೆಂಡತಿಗೂ ಸಮಾಧಾನವಾದದ್ದು. ಬಸ್ಸು ತುಂಬಿದ್ದರೆ ಅದನ್ನು ಬಿಟ್ಟುಬಿಡಿ. ಬೆಳಗಿನ ಹೊತ್ತು ಒಂದರ ಹಿಂದೆ ಒಂದು ಬಸ್ಸುಗಳಿರುತ್ತವೆ; ಚಕ್ರಗಳ ನಡುವಿನ ಸೀಟು ಸಿಗುವವರೆಗೆ ಕಾಯುವುದರಿಂದ ನಿಮಗೆ ನಷ್ಟವೇನೂ ಇಲ್ಲ. ಐವತ್ತು ದಾಟಿದವರಿಗೆ ಈ ಮಾತನ್ನು ಒತ್ತಿ ಹೇಳುತ್ತೇನೆ.

ಕುಡಿಯುವ ನೀರನ್ನು ಸ್ಟೀಲ್ ಬಾಟಲಿಯಲ್ಲೇ ಒಯ್ಯಿರಿ. ನೀಲಗಿರಿ ಜಿಲ್ಲೆಯಲ್ಲಿ ಒಂದು ಸಲ ಬಳಸಿ ಎಸೆಯುವ ಪ್ಲಾಸ್ಟಿಕ್‌ಗೆ ನಿಷೇಧವಿದೆ, ನೀರಿನ ಬಾಟಲಿಗಳನ್ನು ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ. 2024ರ ಮೇ 7ರಿಂದ ಹೊರಗಿನ ಕಾರುಗಳಿಗೆ ಇ-ಪಾಸ್ ಬೇಕಾಗಿದೆ. ಬಸ್ಸಿನಲ್ಲಿ ಹೋಗುವವರಿಗೆ ಅದರ ಗೊಡವೆ ಇಲ್ಲ.

ಕೂನೂರಿನಲ್ಲಿ ಬಸ್ ನಿಲ್ದಾಣ, ರೈಲು ನಿಲ್ದಾಣ, ಮಾರುಕಟ್ಟೆ ಮೂರೂ ಕೆಳಗಿನ ಊರಿನಲ್ಲಿವೆ. 1874ರ ಸಿಮ್ಸ್ ಪಾರ್ಕ್ ಇರುವುದು ಮೇಲಿನ ಊರಿನಲ್ಲಿ. ನಮ್ಮ ರೈಲು 12.35ಕ್ಕೆ ಇದ್ದುದರಿಂದ ಮಾರುಕಟ್ಟೆಯ ಮೆಟ್ಟಿಲುಗಳನ್ನು ಇಳಿದು ಹತ್ತುತ್ತ ಕಾಲ ಕಳೆದೆವು, ಅದರಿಂದಾಗಿಯೇ ಆ ಊಟದ ಮನೆ ಸಿಕ್ಕಿತು. ತರಕಾರಿ ಅಂಗಡಿಗಳ ಹಿಂದಿನ ಓಣಿಯಲ್ಲಿ, ಹೆಸರಿನ ಫಲಕವೂ ಇಲ್ಲದ, ಐದೇ ಮೇಜುಗಳ ಒಂದು ಕೋಣೆ ಅದು. ಹೊರೆ ಇಳಿಸಿ ಬಂದ ಹಮಾಲಿಗಳು ತಲೆಯ ಟವೆಲ್ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಅಲ್ಲಿ ಊಟಕ್ಕೆ ಕುಳಿತಿದ್ದರು. ಬಾಳೆಲೆಯ ಮೇಲೆ ಅನ್ನ, ಹುಣಸೆಹುಳಿ ಕಡಿಮೆಯಿದ್ದು ಬೇಳೆ ಧಾರಾಳವಾಗಿದ್ದ ಸಾಂಬಾರು, ಕ್ಯಾರೆಟ್ ಮತ್ತು ಬೀನ್ಸಿನ ಪಲ್ಯ, ಹಸಿ ಅವರೆಕಾಳಿನ ಗೊಜ್ಜು. ಆ ಕ್ಯಾರೆಟ್ಟಿನ ರುಚಿಯನ್ನು ನಾನು ಇನ್ನೂ ಮರೆತಿಲ್ಲ. ಬೆಳಿಗ್ಗೆ ಕಿತ್ತು ಮಧ್ಯಾಹ್ನ ಬೇಯಿಸಿದ ತರಕಾರಿಗೆ ಇರುವ ಆ ಸಿಹಿ ನಮ್ಮ ಊರಿನ ಸಂತೆಯ ಕ್ಯಾರೆಟ್ಟಿಗೆ ಬರುವುದಿಲ್ಲ. ರಸ ತಣ್ಣಗಾಗಿದೆಯೆಂದು ಕಂಡ ಕೂಡಲೇ ಬಡಿಸುತ್ತಿದ್ದ ಹೆಂಗಸು ಅದನ್ನು ಒಳಗೊಯ್ದು ಕುದಿಸಿ ತಂದು, ಲೋಟದಲ್ಲಿ ಕೊಟ್ಟು, ಕೈಗಳನ್ನು ಅದಕ್ಕೆ ಒತ್ತಿ ಬೆಚ್ಚಗೆ ಮಾಡಿಕೊಳ್ಳಿ ಎಂದು ಸನ್ನೆ ಮಾಡಿದರು. ಮಂಜಿನಲ್ಲಿ ನೆನೆದು ಬಂದಿದ್ದ ನಮಗೆ ಅದಕ್ಕಿಂತ ಹೆಚ್ಚಿನ ಉಪಚಾರ ಬೇಕಿರಲಿಲ್ಲ. ಎಷ್ಟು ಸಲ ಅನ್ನ ಬಡಿಸಿಕೊಂಡರೂ ಒಬ್ಬರಿಗೆ 80 ರೂಪಾಯಿ. ಮೇಲಿನ ಊರಿನ ಕೆಫೆಗಳಲ್ಲಿ ಒಂದು ಕಾಫಿಗೆ ಅದಕ್ಕಿಂತ ಹೆಚ್ಚು ಕೊಡಬೇಕಾಗುತ್ತದೆ. ಹಮಾಲಿಗಳು ಎಲ್ಲಿಗೆ ನಡೆಯುತ್ತಾರೋ ಅವರ ಹಿಂದೆ ಹೋದರೆ ಈ ಜಾಗ ಸಿಗುತ್ತದೆ. ಹನ್ನೊಂದೂವರೆಗೆ ಮುಂಚೆ ಹೋಗಿ, ಒಂದು ಗಂಟೆಗೆ ಅನ್ನ ಮುಗಿದಿರುತ್ತದೆ.

ಊಟಿಯಲ್ಲಿ ಒಂದು ಗಂಟೆಯೂ ಇರಲಿಲ್ಲ. ಜನಜಂಗುಳಿ ನನಗೆ ಆಗದು ಎಂಬುದನ್ನು ಒಪ್ಪಿಕೊಂಡೇ ಹೇಳುತ್ತೇನೆ: ಒಂದೇ ದಿನ ಕೈಯಲ್ಲಿದ್ದು, ಬಸ್ಸಿನಲ್ಲೇ ಓಡಾಡುವವರು ಊಟಿಯನ್ನು ಬಿಟ್ಟುಬಿಡಬೇಕು. ಅಲ್ಲಿನ ತೋಟ, ಕೆರೆ, ದೊಡ್ಡಬೆಟ್ಟ ಎಲ್ಲವೂ ಒಂದಕ್ಕೊಂದು ದೂರ. ಆಟೋಗೆ, ಸಾಲಿನಲ್ಲಿ ನಿಲ್ಲುವುದಕ್ಕೆ ಹೋಗುವ ಸಮಯದಲ್ಲಿ ಇನ್ನೊಂದು ಊರನ್ನೇ ನೋಡಿಬಿಡಬಹುದು.

ಒಂದೂವರೆ ತಿಂಗಳ ನಂತರ ಮತ್ತೆ ಹೋದಾಗ ನಾವು ಮಾಡಿದ್ದು ಅದನ್ನೇ. ಮೇಟುಪಾಳ್ಯದಿಂದ ಕೂನೂರಿಗೆ ಹತ್ತಿ, ಅದೇ ಓಣಿಯಲ್ಲಿ ಊಟ ಮಾಡಿ, ಕೂನೂರಿನಿಂದ ಕಟ್ಟಬೆಟ್ಟು ಮಾರ್ಗವಾಗಿ ಕೋಟಗಿರಿಗೆ ಹೋಗಿ, ಅಲ್ಲಿಂದ ಇನ್ನೊಂದು ಘಟ್ಟದಲ್ಲಿ ಮೇಟುಪಾಳ್ಯಕ್ಕೇ ಇಳಿದೆವು. ಹೋದ ದಾರಿಯಲ್ಲಿ ಹಿಂದಿರುಗಬೇಕಾಗಿಲ್ಲ, ಮೂರು ಬಸ್ಸುಗಳಲ್ಲಿ ಒಂದು ಸುತ್ತು ಪೂರ್ಣವಾಗುತ್ತದೆ. ಈ ಸುತ್ತನ್ನೇ ನಾನು ಎಲ್ಲರಿಗೂ ಹೇಳುವುದು.

ಕನ್ನಡಿಗರಿಗೆ ಕೂನೂರು-ಕೋಟಗಿರಿ ಬಸ್ಸಿನಲ್ಲಿ ಇನ್ನೊಂದು ಲಾಭವಿದೆ. ಅದರಲ್ಲಿ ಓಡಾಡುವವರಲ್ಲಿ ನೀಲಗಿರಿಯ ಬಡಗ ಸಮುದಾಯದವರು ಬಹಳ. ತಮ್ಮ ಹಿರಿಯರು ಬಡಗಲಿನಿಂದ, ಅಂದರೆ ಮೈಸೂರು ಸೀಮೆಯ ಕಡೆಯಿಂದ ಬಂದವರೆಂದು ಅವರ ನಂಬಿಕೆ, ಅವರ ಮಾತು ನಮ್ಮ ಕನ್ನಡಕ್ಕೆ ಅಷ್ಟು ಹತ್ತಿರ. ತಮಿಳಿನ 'ಪಾಲ್' ಅವರಿಗೂ 'ಹಾಲು'. ಅವರ ಊರು 'ಹಟ್ಟಿ', ಅವರ ದೇವತೆ 'ಹೆತ್ತೆ'. ಬಿಳಿ ಸೀರೆಯುಟ್ಟು ತಲೆಗೆ ಬಿಳಿ ವಸ್ತ್ರ ಕಟ್ಟಿದ್ದ ಅಜ್ಜಿಯೊಬ್ಬರು ನಮ್ಮ ಮಾತನ್ನು ಕೇಳಿಸಿಕೊಂಡು ಹಿಂದಿರುಗಿ ನೋಡಿದರು. ಆಮೇಲೆ ಮುಕ್ಕಾಲು ಗಂಟೆ ಅವರು ಬಡಗದಲ್ಲಿ, ನನ್ನ ಹೆಂಡತಿ ಕನ್ನಡದಲ್ಲಿ ಮಾತನಾಡಿದರು. ನಡುವೆ ಒಂದೆರಡು ಶಬ್ದ ಬಿಟ್ಟರೆ ಯಾರಿಗೂ ತೊಡಕಾಗಲಿಲ್ಲ. ಇಳಿಯುವ ಮೊದಲು ಸೊಸೆ ಕೊಟ್ಟಿದ್ದ ಚೀಲದಿಂದ ಎರಡು ಹಿಡಿ ಅವರೆಕಾಯಿ ತೆಗೆದು ಇವಳ ಮಡಿಲಿಗೆ ಹಾಕಿದರು. ಕೋಟಗಿರಿ ಎಂದರೆ ಗಿರಿಯಲ್ಲ, ಇಲ್ಲಿನ ಬುಡಕಟ್ಟಿನವರಾದ ಕೋತರ ಕೇರಿ ಎಂದು ಹೇಳಿಕೊಟ್ಟವರೂ ಅವರೇ.

ಕೋಟಗಿರಿಯಲ್ಲಿ ನೋಡಲೇಬೇಕಾದದ್ದು ಪೇಟೆಯಿಂದ ಸ್ವಲ್ಪ ದೂರದ ಕನ್ನೇರಿಮುಕ್ಕಿನಲ್ಲಿರುವ ಸಲಿವನ್ ಬಂಗಲೆ. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿ ಮೊದಲು ನೆಲೆ ಮಾಡಿಕೊಂಡದ್ದು ಇಲ್ಲಿ, ಊಟಿ ಬೆಳೆದದ್ದು ಆಮೇಲೆ. ಬಸ್ ನಿಲ್ದಾಣದ ಸುತ್ತಲಿನ ಬೇಕರಿಗಳಲ್ಲಿ ವರ್ಕಿ ಎಂಬ ಬಿಸ್ಕತ್ತಿನಂಥ ತಿನಿಸು ಸಿಗುತ್ತದೆ. 2023ರಲ್ಲಿ ಭೌಗೋಳಿಕ ಸೂಚಕ ಪಡೆದದ್ದು ಊಟಿ ವರ್ಕಿ ಎಂಬ ಹೆಸರಿನಲ್ಲಾದರೂ, ನಮಗೆ ಕೋಟಗಿರಿಯಲ್ಲಿ ಕೊಂಡದ್ದೇ ಹೆಚ್ಚು ಗರಿಗರಿಯಾಗಿತ್ತು.

ಮೈಸೂರಿನಿಂದಲೇ ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರಬಹುದೇ ಎಂದು ನಮ್ಮ ಬಂಧುಗಳು ಕೇಳಿದ್ದರು. ಬಸ್ಸಿನಲ್ಲಿ ಆ ಸಾಹಸ ಬೇಡ. ಗೂಡಲೂರಿನ ಮೇಲೆ ಹೋಗುವ ಬಸ್ಸಿಗೆ ಊಟಿ ತಲುಪಲು ಹತ್ತಿರ ಹತ್ತಿರ ಐದು ಗಂಟೆ ಬೇಕು, ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಹೋದ ಕೂಡಲೇ ಹಿಂದಿರುಗುವ ಚಿಂತೆಯೇ ಆಗುತ್ತದೆ. ಹೆಣ್ಣುಮಕ್ಕಳು ಇದನ್ನೂ ಗಮನಿಸಬೇಕು: ನಮ್ಮ ಶಕ್ತಿ ಯೋಜನೆ ಅಂತರರಾಜ್ಯ ಬಸ್ಸುಗಳಿಗೆ ಅನ್ವಯಿಸುವುದಿಲ್ಲ. ಕೊಯಮತ್ತೂರಿನಲ್ಲೋ ಮೇಟುಪಾಳ್ಯದಲ್ಲೋ ಹಿಂದಿನ ರಾತ್ರಿ ತಂಗುವುದೇ ಸರಿಯಾದ ಕ್ರಮ.

ಇಳಿಯುವ ಬಸ್ಸನ್ನು ಕೋಟಗಿರಿಯಲ್ಲಿ ಸಂಜೆ ನಾಲ್ಕೂವರೆಯೊಳಗೆ ಹತ್ತಿ. ಐದರ ನಂತರ ತೋಟದ ಕೆಲಸ ಮುಗಿಸಿದವರೂ ಶಾಲೆಯ ಮಕ್ಕಳೂ ಒಟ್ಟಿಗೆ ಬರುತ್ತಾರೆ, ಕೂರಲು ಜಾಗ ಸಿಗುವುದಿಲ್ಲ. ನಾಲ್ಕೂವರೆಯ ಬಸ್ಸಿನಲ್ಲಿ ನಮಗೆ ಚಾಲಕರ ಹಿಂದಿನ ಸೀಟೇ ಸಿಕ್ಕಿತು. ಕತ್ತಲಾಗುವ ಮುಂಚೆ ಘಟ್ಟ ಇಳಿದು, ಅಡಿಕೆ ತೋಟಗಳ ನಡುವೆ ಹಾದು ಮೇಟುಪಾಳ್ಯ ಸೇರಿದಾಗ ಆರು ಗಂಟೆ. ಕೊಯಮತ್ತೂರಿನ ಬಸ್ಸು ಪಕ್ಕದಲ್ಲೇ ಹೊರಡಲು ಸಿದ್ಧವಾಗಿ ನಿಂತಿತ್ತು.