ಕುಟುಂಬದ ಆರೋಗ್ಯದ ವಿವರದಲ್ಲಿ ವಸತಿ ಶಾಲೆಯನ್ನೂ ಬರೆಯಬೇಕು

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಆರೋಗ್ಯ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿಯಾಗಿರುವ ನನ್ನ ಬಳಿಗೆ ಬರುವವರಲ್ಲಿ ಕ್ರೀ ಮತ್ತು ಅನಿಶಿನಾಬೆ ಮೂಲನಿವಾಸಿಗಳೇ ಹೆಚ್ಚು. ಮೊದಲ ಭೇಟಿಯ ಫಾರ್ಮಿನಲ್ಲಿ, ಕುಟುಂಬದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತೇ ಎಂಬ ಪ್ರಶ್ನೆಯಿದೆ. ಅಜ್ಜಿಗೆ ಕುಡಿತದ ಚಟ, ತಾಯಿಗೆ ಖಿನ್ನತೆ ಎಂದಷ್ಟೇ ಬರೆದರೆ, ಮುಂದೆ ಆ ಫೈಲನ್ನು ಓದುವವರಿಗೆ ದೋಷ ರಕ್ತದಲ್ಲೇ ಇದೆ ಎನಿಸುತ್ತದೆ. ಅಜ್ಜಿಯ ಬಾಲ್ಯ ಎಲ್ಲಿ ಕಳೆಯಿತು ಎಂಬುದಕ್ಕೆ ಫಾರ್ಮಿನಲ್ಲಿ ಜಾಗವಿಲ್ಲದ್ದರಿಂದ ಅದನ್ನು ನಾನು ಬಾಯಿಮಾತಿನಲ್ಲಿ ಕೇಳಿ, ಅಂಚಿನಲ್ಲಿ ಬರೆದುಕೊಳ್ಳುತ್ತೇನೆ.

ಉತ್ತರ ಅನೇಕ ಸಲ ಒಂದೇ: ಸರ್ಕಾರದ ಹಣದಲ್ಲಿ ಚರ್ಚುಗಳು ನಡೆಸುತ್ತಿದ್ದ ವಸತಿ ಶಾಲೆ. ಕೆನಡಾದ ಮೂಲನಿವಾಸಿಗಳ ಕುರಿತಾದ 'ಇಂಡಿಯನ್ ಕಾಯ್ದೆ'ಗೆ 1920ರಲ್ಲಿ ತಂದ ತಿದ್ದುಪಡಿ, ಅವರ ಮಕ್ಕಳನ್ನು ಬಲವಂತವಾಗಿ ಅಲ್ಲಿಗೆ ಸೇರಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. 1990ರ ದಶಕದವರೆಗೂ ನಡೆದ ಈ ವ್ಯವಸ್ಥೆಯೊಳಗೆ 1,50,000ಕ್ಕೂ ಹೆಚ್ಚು ಮಕ್ಕಳು ಹಾದುಹೋದರು. ಮನೆಮಾತನ್ನಾಡಿದ್ದಕ್ಕೆ ಶಿಕ್ಷೆ ಅನುಭವಿಸಿ, ಒಡಹುಟ್ಟಿದವರಿಂದಲೂ ಬೇರ್ಪಟ್ಟು, ಅತ್ತಾಗ ಎತ್ತಿಕೊಳ್ಳುವವರನ್ನೇ ಕಾಣದೆ ಬೆಳೆದವರು ಮುಂದೆ ತಾವೇ ತಾಯ್ತಂದೆಯರಾದಾಗ, ಮಕ್ಕಳನ್ನು ಸಂತೈಸುವ ರೀತಿ ಅವರಿಗೆ ತಿಳಿದಿರಲಿಲ್ಲ. ಆ ಮೌನವನ್ನು ಮಕ್ಕಳು ತಿರಸ್ಕಾರವೆಂದು ತಿಳಿದರು. ಆಘಾತವು ವಂಶವಾಹಿಗಳ ಮೂಲಕವೂ ದಾಟುತ್ತದೆಯೇ ಎಂಬ ಚರ್ಚೆ ನಡೆಯುತ್ತಲೇ ಇದೆ. ನನ್ನ ಕೆಲಸ ಅದರ ತೀರ್ಮಾನಕ್ಕಾಗಿ ಕಾಯಬೇಕಿಲ್ಲ.

ಫೈಲಿನಲ್ಲಿ ಬರೆದದ್ದರಿಂದ ಮಗುವನ್ನು ಕಳೆದುಕೊಳ್ಳುವ ಭಯ ಮಾತ್ರ ಇಂದಿನದು. 2021ರ ಜನಗಣತಿಯ ಪ್ರಕಾರ, 14 ವರ್ಷದವರೆಗಿನ ಮಕ್ಕಳಲ್ಲಿ ಮೂಲನಿವಾಸಿಗಳು ಶೇ. 7.7ರಷ್ಟಿದ್ದರೆ, ಮನೆಯಿಂದ ಬೇರ್ಪಡಿಸಿ ಪೋಷಕ ಕುಟುಂಬಗಳಲ್ಲಿ ಇರಿಸಿದ ಅದೇ ವಯಸ್ಸಿನ ಮಕ್ಕಳಲ್ಲಿ ಅವರ ಪಾಲು ಶೇ. 53.8. ತನಗೆ ನಿದ್ದೆ ಬರುವುದಿಲ್ಲ ಎಂದರೆ ಮಗುವನ್ನು ಕರೆದೊಯ್ಯುತ್ತಾರೇನೋ ಎಂದು ಹೆದರುವ ತಾಯಿಯನ್ನು 'ಸಹಕರಿಸುವುದಿಲ್ಲ' ಎಂದು ದಾಖಲಿಸುವುದು ಅನ್ಯಾಯ. ಆದ್ದರಿಂದ ನಾನು ಅವರೆದುರಿಗೇ ಬರೆದು, ಬರೆದದ್ದನ್ನು ಓದಿ ಹೇಳುತ್ತೇನೆ; ಯಾವ ಸಂದರ್ಭದಲ್ಲಿ ಮಕ್ಕಳ ರಕ್ಷಣಾ ಸಂಸ್ಥೆಗೆ ತಿಳಿಸಲು ಕಾನೂನಿನಂತೆ ಬದ್ಧಳು ಎಂಬುದನ್ನೂ ಮೊದಲೇ ಮುಚ್ಚುಮರೆಯಿಲ್ಲದೆ ತಿಳಿಸುತ್ತೇನೆ.

ನೋವಿನ ಜೊತೆಗೆ ಆಸರೆಯೂ ದಾಖಲಾಗಬೇಕು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಸಂಶೋಧಕರಾದ ಚಾಂಡ್ಲರ್ ಮತ್ತು ಲಾಲೊಂಡ್ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ವಯಮಾಡಳಿತ, ಶಾಲೆ, ಸಾಂಸ್ಕೃತಿಕ ನೆಲೆಗಳನ್ನು ತಮ್ಮ ಹಿಡಿತದಲ್ಲಿಟ್ಟುಕೊಂಡ ಮೂಲನಿವಾಸಿ ಸಮುದಾಯಗಳಲ್ಲಿ ಯುವಜನರ ಆತ್ಮಹತ್ಯೆ ಬಹಳ ಕಡಿಮೆ ಕಂಡುಬಂದಿತ್ತು. ಈ ವಸತಿ ಶಾಲೆಗಳ ಕುರಿತು ವಿಚಾರಣೆ ನಡೆಸಿದ ಸತ್ಯ ಮತ್ತು ಸಮನ್ವಯ ಆಯೋಗ 2015ರಲ್ಲಿ ಮುಂದಿಟ್ಟ 94 ಕರೆಗಳಲ್ಲಿ 22ನೆಯದು, ರೋಗಿಗಳು ಬಯಸಿದಲ್ಲಿ ಹಿರಿಯರ ಜೊತೆಗೂಡಿ ಸಾಂಪ್ರದಾಯಿಕ ಚಿಕಿತ್ಸೆಯನ್ನು ಬಳಸಬೇಕೆನ್ನುತ್ತದೆ. ಬಯಸಿದಲ್ಲಿ ಎಂಬ ಷರತ್ತು ಮುಖ್ಯ: ತಮ್ಮ ಆಚರಣೆಗಳು ಪಾಪವೆಂದು ಶಾಲೆಯಲ್ಲಿ ಕಲಿತು ಇಂದಿಗೂ ಅವಕ್ಕೆ ಅಂಜುವ ವೃದ್ಧರೂ ನನ್ನಲ್ಲಿಗೆ ಬರುತ್ತಾರೆ, ಅವರನ್ನು ನಾನು ಒತ್ತಾಯಿಸುವುದಿಲ್ಲ.